ಐದು ಮಕ್ಕಳು, ಒಂದು ಚಂದಾ ಪಟ್ಟಿ: ವಾಷಿಂಗ್ಟನ್ನಿನ ಕಿವುಡ ಮಕ್ಕಳ ಶಾಲೆಯಲ್ಲಿ ಲೆಕ್ಕ ಕೇಳಿದ ಪ್ರಕರಣ

ನನ್ನ ಚಿಕ್ಕಪ್ಪನ ಮಗನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಏಳು ವರ್ಷದವನಿದ್ದಾಗ ದೂರದ ಊರಿನ ವಸತಿ ಶಾಲೆಗೆ ಸೇರಿಸಿದರು. ದಸರಾ ರಜೆಗೆ ಮನೆಗೆ ಬಂದಾಗ ಮೈ ಇಳಿದಿತ್ತು. ಚಿಕ್ಕಮ್ಮ ಅವನನ್ನು ಮುಂದೆ ಕೂರಿಸಿಕೊಂಡು, ಬಾಯಿಯ ಹತ್ತಿರ ಕೈ ತಂದು, "ಹೊಟ್ಟೆ ತುಂಬ ಹಾಕ್ತಾರಾ?" ಎಂದು ಕೇಳಿದರು. ಅವನು ಎರಡೂ ಕೈಗಳಲ್ಲಿ ಏನೇನೋ ಹೇಳಿದ. ಬಹಳ ಹೊತ್ತು ಹೇಳಿದ. ಅದು ಶಾಲೆಯಲ್ಲಿ ಗೆಳೆಯರಿಂದ ಕಲಿತ ಸನ್ನೆ ಭಾಷೆ. ಮನೆಯಲ್ಲಿದ್ದ ಒಬ್ಬರಿಗೂ ಅದು ಅರ್ಥವಾಗಲಿಲ್ಲ.

ಮುಂದೆ ನಾನು ಲೆಕ್ಕ ಪರಿಶೋಧನೆಯ ಕೆಲಸಕ್ಕೆ ಬಂದೆ. ಎಷ್ಟೋ ಟ್ರಸ್ಟುಗಳ ಜಮಾ-ಖರ್ಚು ನೋಡಿದ್ದೇನೆ. ಕಿವುಡ ಮಕ್ಕಳ ಶಾಲೆಯ ಲೆಕ್ಕ ಕೈಗೆ ಬಂದಾಗಲೆಲ್ಲ ಆ ರಜೆಯ ದಿನ ನೆನಪಾಗುತ್ತದೆ. ಬೇರೆ ಶಾಲೆಯ ಮಗು ಮನೆಗೆ ಹೋಗಿ "ಇವತ್ತು ಸಾರು ನೀರಾಗಿತ್ತು" ಎಂದು ಹೇಳಿಬಿಡುತ್ತದೆ. ಕೊಟ್ಟ ದುಡ್ಡು ಎಲ್ಲಿಗೆ ಹೋಯಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಕಿವುಡ ಮಗುವಿನ ವಿಷಯದಲ್ಲಿ ಸಾಕ್ಷಿ ಎದುರಿಗೇ ಇರುತ್ತದೆ. ಅದರ ಭಾಷೆ ಬಲ್ಲವರು ಇರುವುದಿಲ್ಲ. ಹಾಗಾಗಿ ಇಂಥ ಶಾಲೆಯ ಲೆಕ್ಕಪತ್ರದ ಮೇಲೆ ಬೇರೆ ಯಾವ ಸಂಸ್ಥೆಯ ಲೆಕ್ಕಕ್ಕೂ ಇಲ್ಲದ ಭಾರ ಬೀಳುತ್ತದೆ.

ಇದನ್ನು ಯೋಚಿಸುವಾಗ ನಾನು ಮತ್ತೆ ಮತ್ತೆ ಓದುವ ಪ್ರಕರಣ ಒಂದಿದೆ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿ 1856ರಲ್ಲಿ ನಡೆದದ್ದು. ಈಗ ಗ್ಯಾಲೊಡೆಟ್ ವಿಶ್ವವಿದ್ಯಾಲಯ ಎಂದು ಜಗತ್ತಿಗೆಲ್ಲ ಗೊತ್ತಿರುವ ಕಿವುಡರ ವಿದ್ಯಾಸಂಸ್ಥೆ ಶುರುವಾದದ್ದು ಒಂದು ಚಂದಾ ವಸೂಲಿಯ ಗಲಾಟೆಯಿಂದ.

ಚಂದಾ ಕೇಳುತ್ತ ಬಂದವನು

ಪಿ. ಎಚ್. ಸ್ಕಿನ್ನರ್ ಎಂಬಾತ ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿಗೆ ಬಂದ. ಜೊತೆಗೆ ಐದು ಕಿವುಡ ಮಕ್ಕಳಿದ್ದರು. ನ್ಯೂಯಾರ್ಕಿನ ಬೀದಿಗಳಿಂದ, ಅನಾಥಾಲಯಗಳಿಂದ ಕೂಡಿಸಿಕೊಂಡು ಬಂದ ಮಕ್ಕಳು. ಅವರಿಗೆ ಅಷ್ಟೋ ಇಷ್ಟೋ ಪಾಠವೂ ಆಗಿತ್ತು. ಆತ ಊರಿನ ದೊಡ್ಡ ಮನುಷ್ಯರ ಮುಂದೆ ಆ ಮಕ್ಕಳನ್ನು ನಿಲ್ಲಿಸಿ, ಅವರು ಕಲಿತದ್ದನ್ನು ತೋರಿಸಿ, "ಇಂಥವರಿಗಾಗಿ, ಕುರುಡು ಮಕ್ಕಳಿಗಾಗಿ ಇಲ್ಲೊಂದು ಶಾಲೆ ಕಟ್ಟೋಣ" ಎಂದು ಹಣ ಕೇಳಿದ.

ಮಕ್ಕಳನ್ನು ನಿಲ್ಲಿಸಿ ತೋರಿಸುವುದು ಆ ಕಾಲಕ್ಕೆ ಹೊಸದಲ್ಲ. ಯುರೋಪಿನಲ್ಲೂ ಅಮೆರಿಕದಲ್ಲೂ ಕಿವುಡರ ಶಾಲೆಗಳು ಹೀಗೇ ಹಣ ಎತ್ತುತ್ತಿದ್ದವು. ಹಲಗೆಯ ಮೇಲೆ ಮಗು ಒಂದು ವಾಕ್ಯ ಬರೆದರೆ ನೋಡಿದವರ ಕಣ್ಣು ತುಂಬುತ್ತಿತ್ತು, ಕೈ ಜೇಬಿಗೆ ಹೋಗುತ್ತಿತ್ತು. ಇಂದಿಗೂ ನಮ್ಮ ವಾರ್ಷಿಕೋತ್ಸವಗಳಲ್ಲಿ ಅದೇ ನಡೆಯುತ್ತದೆ. ಮಕ್ಕಳು ಚೆನ್ನಾಗಿ ಕುಣಿದರೆ ಸಭೆಯಲ್ಲಿ ಕೂತವರು ಶಾಲೆ ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಆ ಮಗುವಿಗೆ ಮೂರನೇ ತರಗತಿಯ ಪುಸ್ತಕ ಓದಿ ಅರ್ಥ ಮಾಡಿಕೊಳ್ಳಲು ಬರುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ವಾಷಿಂಗ್ಟನ್ನಿನ ಜನ ಸ್ಕಿನ್ನರನ ಮಾತಿಗೆ ಓಗೊಟ್ಟರು. ಹಣ ಬಂತು. ಸಂಸ್ಥೆಗೆ ಹೆಸರಿರುವವರ ಒಂದು ಮಂಡಳಿಯೂ ಆಯಿತು. ಊರಿನ ಕೆಲವು ಕಿವುಡ, ಕುರುಡು ಮಕ್ಕಳನ್ನು ಅವರ ತಂದೆತಾಯಿ ತಂದು ಬಿಟ್ಟರು. ಏಮಸ್ ಕೆಂಡಾಲ್ ಎಂಬ ಶ್ರೀಮಂತ ತನ್ನ ಜಮೀನಿನಲ್ಲಿ ಎರಡು ಎಕರೆ ಮತ್ತು ಒಂದು ಮನೆಯನ್ನು ಶಾಲೆಗೆಂದು ಬಿಟ್ಟುಕೊಟ್ಟ.

ಸ್ವಲ್ಪ ದಿನದಲ್ಲೇ ಸುದ್ದಿ ಬರತೊಡಗಿತು. ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ, ಕಷ್ಟ ಕೊಡುತ್ತಿದ್ದಾನೆ ಎಂದು. ಕೆಂಡಾಲ್ ಸುಮ್ಮನಿರಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. ಸ್ಕಿನ್ನರನ ಕೈಯಿಂದ ಮಕ್ಕಳನ್ನು ಬಿಡಿಸಲಾಯಿತು. ಊರಿನ ಮಕ್ಕಳು ತಮ್ಮ ಮನೆಗಳಿಗೆ ಮರಳಿದರು. ನ್ಯೂಯಾರ್ಕಿನಿಂದ ಬಂದ ಆ ಐದು ಮಕ್ಕಳಿಗೆ ಹೋಗಲು ಮನೆಯೇ ಇರಲಿಲ್ಲ. ಅವರಿಗೆ ಕೆಂಡಾಲನನ್ನೇ ಪೋಷಕನೆಂದು ನ್ಯಾಯಾಲಯ ನೇಮಿಸಿತು.

ಲೆಕ್ಕದ ಮನುಷ್ಯ

ಈ ಕೆಂಡಾಲ್ ಯಾರು ಎಂಬುದು ಮುಖ್ಯ. ಆಗ ಆತನಿಗೆ 67ರ ಆಸುಪಾಸು. ಟೆಲಿಗ್ರಾಫ್ ಕಂಡುಹಿಡಿದ ಮೋರ್ಸನ ವ್ಯವಹಾರ ನೋಡಿಕೊಂಡು ಹಣ ಮಾಡಿದ್ದ. ಅದಕ್ಕೂ ಮುಂಚೆ, 1829ರಲ್ಲಿ, ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಆತನನ್ನು ಖಜಾನೆ ಇಲಾಖೆಯಲ್ಲಿ ನಾಲ್ಕನೇ ಲೆಕ್ಕ ಪರಿಶೋಧಕನಾಗಿ ನೇಮಿಸಿದ್ದ. ಕುರ್ಚಿಯಲ್ಲಿ ಕೂತ ಕೂಡಲೇ ಕೆಂಡಾಲ್ ಹಳೆಯ ಕಡತಗಳನ್ನು ತೆಗೆದ. ತನಗಿಂತ ಮುಂಚೆ ಅದೇ ಕುರ್ಚಿಯಲ್ಲಿದ್ದ ಟೊಬಿಯಾಸ್ ವಾಟ್ಕಿನ್ಸ್ ಸರ್ಕಾರದ ಹಣ ನುಂಗಿದ್ದನ್ನು ಹೊರಗೆಳೆದ. ವಾಟ್ಕಿನ್ಸ್ ಜೈಲಿಗೆ ಹೋದ.

ಅಂಥವನ ಕಣ್ಣಿಗೆ ಇದು ಬಿತ್ತು. ಆದರೂ ಒಂದು ಮಾತು ಗಮನಿಸಬೇಕು. ಇಷ್ಟು ನುರಿತ ಲೆಕ್ಕಿಗನೂ ಮೊದಲು ಮಾಡಿದ್ದು ಜಾಗ ಕೊಡುವುದನ್ನು. ಕೇಳಿದ್ದು ಆಮೇಲೆ. ಮಕ್ಕಳ ಮುಖ ನೋಡಿದಾಗ ನಮಗೆಲ್ಲ ಆಗುವುದೂ ಇದೇ. "ಒಳ್ಳೆಯ ಕೆಲಸ ಮಾಡ್ತಿದ್ದಾರೆ, ಇವರನ್ನೇನು ಲೆಕ್ಕ ಕೇಳುವುದು" ಎಂಬ ಸಂಕೋಚ. ಕೇಳಿದರೆ ಅವಮಾನ ಮಾಡಿದಂತೆ ಎಂಬ ಅಂಜಿಕೆ. ಆ ಸಂಕೋಚದ ಬೆಲೆಯನ್ನು ಕೊನೆಗೆ ತೆರುವುದು ಮಕ್ಕಳು.

ಸ್ಕಿನ್ನರ್ ಬಗ್ಗೆ ಇನ್ನೊಂದು ಮಾತು

ಇಲ್ಲಿಗೆ ಕಳ್ಳ ಸಿಕ್ಕಿಬಿದ್ದ ಕತೆ ಮುಗಿಯಿತು ಎಂದು ಬರೆದುಬಿಟ್ಟರೆ ಅನ್ಯಾಯವಾದೀತು. ಸ್ಕಿನ್ನರ್ ವಾಷಿಂಗ್ಟನ್ ಬಿಟ್ಟ ಮೇಲೆ ನಯಾಗರಾ ಹತ್ತಿರ ಕಪ್ಪು ಜನಾಂಗದ ಕಿವುಡ ಮತ್ತು ಕುರುಡು ಮಕ್ಕಳಿಗಾಗಿ ಶಾಲೆ ನಡೆಸಿದ. ಆ ಮಕ್ಕಳಿಗೆ ಬೇರೆ ಶಾಲೆಗಳ ಬಾಗಿಲು ಮುಚ್ಚಿದ್ದ ಕಾಲ ಅದು. ಮಕ್ಕಳಿಂದಲೇ ಅಚ್ಚು ಹಾಕಿಸಿ ಪತ್ರಿಕೆ ತಂದ. ಆತನ ಹೆಂಡತಿಯೂ ಕಿವುಡಿ. ಗುಲಾಮಗಿರಿಯನ್ನು ಬಹಿರಂಗವಾಗಿ ವಿರೋಧಿಸುತ್ತಿದ್ದವ. ಇತ್ತ ಕೆಂಡಾಲ್ ಅಂಚೆ ಇಲಾಖೆಯ ಮುಖ್ಯಸ್ಥನಾಗಿದ್ದಾಗ, 1835ರಲ್ಲಿ, ಗುಲಾಮಗಿರಿ ವಿರೋಧಿಗಳು ಕಳಿಸಿದ ಪತ್ರಿಕೆಗಳನ್ನು ದಕ್ಷಿಣದ ಅಂಚೆಯವರು ಹಂಚದೆ ತಡೆದಾಗ ಅದಕ್ಕೆ ಅಡ್ಡಿ ಮಾಡದವನು. ಇಬ್ಬರ ನಡುವೆ ಬರೀ ಮಕ್ಕಳ ಊಟದ ಜಗಳವಷ್ಟೇ ಇತ್ತು ಎಂದು ಹೇಳಲು ನನಗೆ ಧೈರ್ಯ ಸಾಲದು.

ಹಾಗಂತ ಮಕ್ಕಳ ದೂರನ್ನು ತಳ್ಳಿಹಾಕುವಂತಿಲ್ಲ. ನಾನು ಇದರಿಂದ ತೆಗೆದುಕೊಳ್ಳುವ ಪಾಠವೇ ಬೇರೆ. ಸ್ಕಿನ್ನರ್ ಪ್ರಾಮಾಣಿಕನಾಗಿದ್ದಿದ್ದರೆ ಆತನನ್ನು ಕಾಪಾಡಬಹುದಾಗಿದ್ದದ್ದು ಯಾವುದು? ಮೊದಲ ದಿನದಿಂದ ಬರೆದಿಟ್ಟ ಪುಸ್ತಕ. ಇಂಥವರಿಂದ ಇಷ್ಟು ಬಂತು, ಹಿಟ್ಟಿಗೆ ಇಷ್ಟು, ಸೌದೆಗೆ ಇಷ್ಟು, ಬಟ್ಟೆಗೆ ಇಷ್ಟು. ಆ ಹಂತದಲ್ಲಿ ಚಂದಾ ಹಣಕ್ಕೆ ಕಾನೂನಿನ ಯಾವ ಕಟ್ಟೂ ಇರಲಿಲ್ಲ. ಹಾಗಾಗಿ ಒಬ್ಬನ ಮಾತಿಗೆ ಎದುರಾಗಿ ಇನ್ನೊಬ್ಬನ ಮಾತು ನಿಂತಿತು. ಪ್ರಭಾವ ಇದ್ದವನ ಮಾತು ನಡೆಯಿತು. ಲೆಕ್ಕ ಬರೆಯುವುದು ತನ್ನ ಮೇಲೆ ಅನುಮಾನ ಪಟ್ಟಂತೆ ಎಂದುಕೊಳ್ಳುವ ಸಂಸ್ಥೆಯವರು ಇಂದಿಗೂ ಸಿಗುತ್ತಾರೆ. ಅವರಿಗೆ ನಾನು ಈ ಭಾಗವನ್ನೇ ಹೇಳುವುದು.

1857ರ ಕಾನೂನು ಕೇಳಿದ್ದೇನು?

ಕೆಂಡಾಲ್ ಮುಂದಿನ ಹೆಜ್ಜೆಯನ್ನು ಸರಿಯಾಗಿ ಇಟ್ಟ. ಶಾಲೆಯನ್ನು ತನ್ನ ಸ್ವಂತ ಧರ್ಮಕಾರ್ಯವಾಗಿ ನಡೆಸಿಕೊಂಡು ಹೋಗಬಹುದಿತ್ತು. ಹಣವಿತ್ತು, ಜಾಗವಿತ್ತು, ಮಕ್ಕಳ ಪೋಷಕತ್ವವೂ ಇತ್ತು. ಆತ ಹಾಗೆ ಮಾಡದೆ ಸಂಸತ್ತಿಗೆ ಹೋದ. 1857ರ ಫೆಬ್ರವರಿ 16ರಂದು ಒಂದು ಕಾಯ್ದೆ ಪಾಸಾಯಿತು. ಕಿವುಡ, ಮೂಗ ಮತ್ತು ಕುರುಡರ ಶಿಕ್ಷಣಕ್ಕಾಗಿ ಕೊಲಂಬಿಯಾ ಸಂಸ್ಥೆ ಎಂಬ ಹೆಸರಿನಲ್ಲಿ ಅದು ಕಾನೂನಿನ ಮುಂದೆ ನಿಲ್ಲುವ ಸಂಸ್ಥೆಯಾಯಿತು. 'ಮೂಗ' ಎಂಬ ಮಾತನ್ನು ಇಂದು ಕಿವುಡ ಸಮುದಾಯ ಒಪ್ಪುವುದಿಲ್ಲ, ಅದು ಸರಿಯೂ ಹೌದು. ಆಗಿನ ಹೆಸರು ಹಾಗಿತ್ತು.

ಈ ಕಾಯ್ದೆಯ ಒಂದು ಭಾಗವನ್ನು ನಾನು ಬಿಡಿಸಿ ಹೇಳಬೇಕು. ಸಂಸ್ಥೆಯ ಅಧ್ಯಕ್ಷರು ಮತ್ತು ನಿರ್ದೇಶಕರು ಪ್ರತಿ ವರ್ಷ ಜುಲೈ 1ಕ್ಕೆ ಒಳಾಡಳಿತ ಇಲಾಖೆಯ ಕಾರ್ಯದರ್ಶಿಗೆ ವರದಿ ಕೊಡಬೇಕಿತ್ತು. ಆ ಕಾರ್ಯದರ್ಶಿ ಎಂದರೆ ನಮ್ಮ ಲೆಕ್ಕದಲ್ಲಿ ಮಂತ್ರಿ. ವರದಿಯಲ್ಲಿ ಏನಿರಬೇಕು? ವರ್ಷದಲ್ಲಿ ಎಷ್ಟು ಮಕ್ಕಳು ಸೇರಿದರು, ಎಷ್ಟು ಮಂದಿ ಬಿಟ್ಟರು, ಎಷ್ಟು ಮಂದಿ ಉಳಿದರು. ಯಾವ ವಿದ್ಯೆ, ಯಾವ ಕೈಕೆಲಸ ಕಲಿಸಿದಿರಿ, ಮಕ್ಕಳು ಎಷ್ಟು ಮುಂದೆ ಬಂದರು. ಹಣ ಎಷ್ಟು ಬಂತು, ಎಲ್ಲಿಂದ ಬಂತು. ಎಷ್ಟು ಖರ್ಚಾಯಿತು, ಯಾವುದಕ್ಕೆ ಖರ್ಚಾಯಿತು.

ಇಷ್ಟೇ. ನೂರಾರು ಕಲಮುಗಳಿಲ್ಲ. ಆದರೆ ಇದರ ಜಾಣ್ಮೆ ನೋಡಿ. ಹಣದ ಪಟ್ಟಿಯನ್ನೂ ಮಕ್ಕಳ ಪಟ್ಟಿಯನ್ನೂ ಒಂದೇ ಕಾಗದದ ಮೇಲೆ ಅಕ್ಕಪಕ್ಕ ಇಟ್ಟಿದ್ದಾರೆ. ಬರೀ ಹಣದ ಪಟ್ಟಿ ಇದ್ದರೆ, ರಸೀದಿಗಳೆಲ್ಲ ಸರಿಯಾಗಿದ್ದು ಮಕ್ಕಳು ಏನೂ ಕಲಿಯದೆ ಕೂತಿರಬಹುದು. ಬರೀ ಮಕ್ಕಳ ಪಟ್ಟಿ ಇದ್ದರೆ, ಒಳ್ಳೆಯ ಕೆಲಸದ ಮರೆಯಲ್ಲಿ ಹಣ ಸೋರಬಹುದು. ಎರಡನ್ನೂ ಕೂಡಿಸಿ ಓದಿದಾಗ ಪ್ರಶ್ನೆಗಳು ತಾವಾಗಿ ಎದ್ದು ಬರುತ್ತವೆ. ಮಕ್ಕಳು ಕಡಿಮೆಯಾದರು, ದಿನಸಿ ಖರ್ಚು ಯಾಕೆ ಜಾಸ್ತಿಯಾಯಿತು? ಬಡಗಿ ಕೆಲಸ ಕಲಿಸಿದೆವು ಅಂತೀರಿ, ಮರದ ಖರ್ಚೇ ಇಲ್ವಲ್ಲ?

ನಮ್ಮಲ್ಲಿ ಇಂದಿನ ಕಾನೂನುಗಳು ಹಣದ ಕಡೆಯನ್ನು ಬಿಗಿಯಾಗಿ ಹಿಡಿದಿವೆ. ದಾನಿಗೆ ತೆರಿಗೆ ರಿಯಾಯಿತಿ ಸಿಗುವಂಥ ದೇಣಿಗೆ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಜಿ ಕಲಮು) ಪಡೆಯುವ ಟ್ರಸ್ಟು 2021-22ರ ಸಾಲಿನಿಂದ ದಾನಿಗಳ ಪಟ್ಟಿಯನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕು. ದಾನಿಗೆ ಪ್ರಮಾಣಪತ್ರ ಕೊಡಬೇಕು. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ರಿಯಾಯಿತಿ ಇಲ್ಲ. ಇವೆಲ್ಲ ಒಳ್ಳೆಯದೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಇಂಥ ಸಂಸ್ಥೆಗಳು ನೋಂದಣಿಯನ್ನೂ ಮಾಡಿಸಬೇಕು. ಆದರೆ ಆಡಿಟರ್ ಸಹಿ ಮಾಡುವ ಕಾಗದದಲ್ಲಿ ಮಗು ಏನು ಕಲಿಯಿತು ಎಂಬ ಸಾಲು ಇರುವುದಿಲ್ಲ. ಕಲಿಕೆಯ ಕಾಗದ ಬೇರೆ ಇಲಾಖೆಗೆ ಹೋಗುತ್ತದೆ. ಎರಡೂ ಕಾಗದಗಳನ್ನು ಒಟ್ಟಿಗೆ ಇಟ್ಟು ಓದುವವರು ಎಷ್ಟು ಜನ? ನಾನು ಸಹಿ ಮಾಡಿದ ಲೆಕ್ಕಗಳಲ್ಲಿ ಇದು ನನ್ನನ್ನು ಬಹಳ ಕಾಡಿದೆ.

ತಲೆಗೆ 150 ಡಾಲರ್

ಅದೇ ಕಾಯ್ದೆಯಲ್ಲಿ ಸರ್ಕಾರದ ನೆರವೂ ಇತ್ತು. ಕೊಲಂಬಿಯಾ ಜಿಲ್ಲೆಯ, ಅಂದರೆ ವಾಷಿಂಗ್ಟನ್ ಇರುವ ಜಿಲ್ಲೆಯ, ಬಡ ಮಗುವೊಂದಕ್ಕೆ ವರ್ಷಕ್ಕೆ 150 ಡಾಲರ್. ಮಗು ನಿಜವಾಗಿ ಆ ಜಿಲ್ಲೆಯದೇ, ಮನೆಯವರಿಗೆ ಓದಿಸುವ ಶಕ್ತಿ ಇಲ್ಲವೇ ಎಂಬುದಕ್ಕೆ ಪುರಾವೆಯನ್ನು ಮಂತ್ರಿಯ ಮುಂದೆ ಇಡಬೇಕು. ಆತನಿಗೆ ಒಪ್ಪಿಗೆಯಾದರೆ ಮಾತ್ರ ಆ ಮಗು ಸರ್ಕಾರಿ ಲೆಕ್ಕಕ್ಕೆ ಸೇರುತ್ತದೆ. ಹೆಸರು ಬರೆದು ಹಣ ತೆಗೆಯುವ ದಾರಿಯನ್ನು ಬಾಗಿಲಲ್ಲೇ ಮುಚ್ಚಿದರು.

1857ರ ಜೂನ್ 13ರಂದು ಶಾಲೆ ಶುರುವಾಯಿತು. ಮೊದಲಿಗೆ 12 ಕಿವುಡ ಮಕ್ಕಳು, 6 ಕುರುಡು ಮಕ್ಕಳು. ಈಗ ಒಂದು ಸಣ್ಣ ಲೆಕ್ಕ ಮಾಡಿ. ಐದು ಮಕ್ಕಳಿಗೆ ಅನುದಾನ ಬಂದರೆ 750 ಡಾಲರ್. ಹತ್ತು ಮಕ್ಕಳಿಗೆ 1,500. ಅದರಲ್ಲೇ ಊಟ, ಬಟ್ಟೆ, ಸೌದೆ, ಪುಸ್ತಕ. ಮಕ್ಕಳು ಐದಿದ್ದರೂ ಹತ್ತಿದ್ದರೂ ಮೇಷ್ಟ್ರು ಬೇಕೇ ಬೇಕು. ಕಿವುಡ ಮಕ್ಕಳ ತರಗತಿ ಚಿಕ್ಕದಾಗಿರಬೇಕು, ಏಕೆಂದರೆ ಪ್ರತಿ ಮಗುವಿಗೂ ಕಲಿಸುವವರ ಕೈ, ಮುಖ ಎರಡೂ ಸರಿಯಾಗಿ ಕಾಣಬೇಕು. ನಲವತ್ತು ಮಕ್ಕಳನ್ನು ತುಂಬಿ ತಲೆ ಲೆಕ್ಕದಲ್ಲಿ ಖರ್ಚು ಇಳಿಸಲು ಆಗುವುದಿಲ್ಲ. ಮುಂದಿನ ವರ್ಷವೇ, 1858ರಲ್ಲಿ, ಸಂಬಳ ಮತ್ತು ಇತರೆ ಖರ್ಚಿಗೆಂದು ವರ್ಷಕ್ಕೆ 3,000 ಡಾಲರಿನಂತೆ ಐದು ವರ್ಷ ಪ್ರತ್ಯೇಕವಾಗಿ ಕೊಡಲು ಸಂಸತ್ತು ಒಪ್ಪಿತು.

ಇದು ದೊಡ್ಡ ವಿಷಯ. ತಲೆ ಲೆಕ್ಕದ ಹಣ ಬೇರೆ, ಶಾಲೆ ನಿಲ್ಲಲು ಬೇಕಾದ ಹಣ ಬೇರೆ ಎಂದು ಒಪ್ಪಿಕೊಂಡದ್ದು. ಕರ್ನಾಟಕದಲ್ಲೂ ವಿಶೇಷ ಶಾಲೆಗಳಿಗೆ ಮಗುವಿಗೆ ಇಷ್ಟು ಎಂದು ಲೆಕ್ಕ ಹಾಕಿ ಕೊಡುವ ಶಿಶು ಕೇಂದ್ರಿತ ಯೋಜನೆ ಇದೆ. ಅನುದಾನ ತಡವಾದಾಗ ಮೊದಲು ನಿಲ್ಲುವುದು ಶಿಕ್ಷಕರ ಸಂಬಳ. ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿದ ವಿಶೇಷ ಶಿಕ್ಷಕಿಯರನ್ನು ನಾನು ಕಂಡಿದ್ದೇನೆ. ತಲೆ ಲೆಕ್ಕ ಒಂದೇ ಆಧಾರವಾದರೆ ಹಾಜರಿ ಪುಸ್ತಕದಲ್ಲಿ ಇನ್ನೆರಡು ಹೆಸರು ಉಳಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಶಾಲೆ ಬಿಟ್ಟು ಹೋದ ಮಗುವಿನ ಹೆಸರು ಮಾರ್ಚ್ ತನಕ ಹಾಗೇ ಇರುತ್ತದೆ. ಅದು ತಪ್ಪೇ. ಆದರೆ ತಪ್ಪಿಗೆ ದಾರಿ ಮಾಡಿಕೊಟ್ಟ ಲೆಕ್ಕವನ್ನೂ ನೋಡಬೇಕು ಅಲ್ವಾ? ಆಡಳಿತ ಖರ್ಚು ಕಡಿಮೆ ಇದ್ದಷ್ಟೂ ಸಂಸ್ಥೆ ಒಳ್ಳೆಯದು ಎಂದು ತಿಳಿಯುವ ದಾನಿಗಳಿಗೂ ಇದನ್ನೇ ಹೇಳುತ್ತೇನೆ. ಕಿವುಡ ಮಕ್ಕಳ ಶಾಲೆಯಲ್ಲಿ ಸಂಬಳವೇ ಪಾಠ. ಸಂಬಳದ ಸಾಲು ತೀರಾ ಸಣ್ಣದಾಗಿದ್ದರೆ ನಾನು ಹೆದರುತ್ತೇನೆ.

ಅಡುಗೆಮನೆಯಲ್ಲಿ ಕೂತ ಸಾಕ್ಷಿ

ಶಾಲೆ ನಡೆಸಲು ಬಂದವನು ಎಡ್ವರ್ಡ್ ಮೈನರ್ ಗ್ಯಾಲೊಡೆಟ್. ಆಗ ಆತನಿಗೆ ಬರೀ 20 ವರ್ಷ. ಅಮೆರಿಕದಲ್ಲಿ ಕಿವುಡರ ಮೊದಲ ಕಾಯಂ ಶಾಲೆಯನ್ನು 1817ರಲ್ಲಿ ಹಾರ್ಟ್‌ಫರ್ಡಿನಲ್ಲಿ ತೆರೆದ ಥಾಮಸ್ ಹಾಪ್ಕಿನ್ಸ್ ಗ್ಯಾಲೊಡೆಟ್‌ನ ಮಗ. ಆತನ ಜೊತೆ ತಾಯಿ ಸೋಫಿಯಾ ಫೌಲರ್ ಗ್ಯಾಲೊಡೆಟ್ ಮೇಟ್ರನ್ ಆಗಿ ಬಂದರು. ಮಕ್ಕಳ ಊಟ, ಬಟ್ಟೆ, ಕಾಯಿಲೆ ಎಲ್ಲ ನೋಡಿಕೊಳ್ಳುವ ಜವಾಬ್ದಾರಿ ಅವರದು.

ಸೋಫಿಯಾ ಸ್ವತಃ ಕಿವುಡರು. ಹಾರ್ಟ್‌ಫರ್ಡ್ ಶಾಲೆಯ ಮೊದಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು. ಸನ್ನೆ ಭಾಷೆ ಅವರಿಗೆ ಉಸಿರಾಟದಷ್ಟು ಸಹಜ.

ಈ ಪ್ರಕರಣದಲ್ಲಿ ನನ್ನ ಮನಸ್ಸು ಹೋಗಿ ನಿಲ್ಲುವುದು ಇಲ್ಲಿ. ಮಗುವಿಗೆ ಅನ್ನ ಸಾಲದಿದ್ದರೆ, ಯಾರಾದರೂ ಹೊಡೆದರೆ, ಹಾಸಿಗೆ ಒದ್ದೆಯಿದ್ದರೆ, ಹೋಗಿ ತನ್ನ ಭಾಷೆಯಲ್ಲೇ ಹೇಳಬಹುದಾದ ಒಬ್ಬ ತಾಯಿ ಆ ಮನೆಯಲ್ಲಿದ್ದರು. 1866ರವರೆಗೆ ಅವರು ಆ ಕೆಲಸದಲ್ಲಿದ್ದರು. ಸ್ಕಿನ್ನರನ ಮಕ್ಕಳ ಕಷ್ಟ ಹೊರಗೆ ಗೊತ್ತಾಗಲು ಸುದ್ದಿ ಹಬ್ಬಬೇಕಾಯಿತು. ಸೋಫಿಯಾ ಇದ್ದ ಮನೆಯಲ್ಲಿ ಮಗು ಕೈ ಎತ್ತಿದರೆ ಸಾಕಿತ್ತು. ಯಾವ ವೋಚರಿಗೂ ಈ ಬಲವಿಲ್ಲ. ನನ್ನ ಚಿಕ್ಕಮ್ಮನ ಮುಂದೆ ಆ ದಿನ ಅಂಥ ಒಬ್ಬರು ಕೂತಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿಲ್ಲ!

ಕೆಂಡಾಲನ ಲೆಕ್ಕ ಕೇಳುವವರು ಯಾರು?

ಒಂದು ತೊಡಕು ಉಳಿದಿತ್ತು. ಜಾಗ ಕೊಟ್ಟವನು ಕೆಂಡಾಲ್. ಮಂಡಳಿಯ ಅಧ್ಯಕ್ಷನೂ ಅವನೇ. ಐದು ಮಕ್ಕಳ ಪೋಷಕನೂ ಅವನೇ. ಸಂಸ್ಥೆಯ ಕಾರ್ಯದರ್ಶಿ ವಿಲಿಯಂ ಸ್ಟಿಕ್ನಿ ಅವನ ಅಳಿಯ. ಸುತ್ತಲಿನ ಜಮೀನೂ ಅವನದೇ. ಇಂದು ಇಂಥ ಮಂಡಳಿಯ ಪಟ್ಟಿ ನನ್ನ ಮೇಜಿಗೆ ಬಂದರೆ ನಾನು ಕೆಂಪು ಪೆನ್ನು ತೆಗೆಯುತ್ತೇನೆ. ಮನುಷ್ಯ ಎಷ್ಟೇ ಒಳ್ಳೆಯವನಿರಲಿ, ಕೊಡುವವ, ನಡೆಸುವವ, ನೋಡಿಕೊಳ್ಳುವವ ಒಬ್ಬನೇ ಆಗಬಾರದು. ಕೆಂಡಾಲನೇ ಅಂಚೆ ಇಲಾಖೆಯಲ್ಲಿದ್ದಾಗ ಗುತ್ತಿಗೆದಾರರಿಗೆ ಸಲ್ಲಬೇಕಾದ ಹಣವನ್ನು ತಾನು ಸರಿ ಎಂದುಕೊಂಡು ತಡೆಹಿಡಿದಿದ್ದ. 1838ರಲ್ಲಿ ಸುಪ್ರೀಂ ಕೋರ್ಟು ಅವನ ವಿರುದ್ಧ ತೀರ್ಪು ಕೊಟ್ಟಿತ್ತು. ಕಟ್ಟುನಿಟ್ಟಿನ ಮನುಷ್ಯನೂ ತಪ್ಪುತ್ತಾನೆ.

ಇಲ್ಲಿ ತಡೆಯಾಗಿ ನಿಂತದ್ದು ಜುಲೈ 1ರ ಆ ವರದಿ ಮತ್ತು ಸಂಸತ್ತು. ಖಜಾಂಚಿಯಾಗಿ ಮನೆಯವನಲ್ಲದ ಬ್ಯಾಂಕರ್ ಜಾರ್ಜ್ ರಿಗ್ಸ್ ಇದ್ದದ್ದೂ ಒಳ್ಳೆಯದಾಯಿತು. 1864ರ ಏಪ್ರಿಲ್ 8ರಂದು ಅಬ್ರಹಾಂ ಲಿಂಕನ್ ಸಹಿ ಮಾಡಿ ಪದವಿ ಕೊಡುವ ಅಧಿಕಾರ ಸಿಕ್ಕ ಮೇಲೆ ಖರ್ಚು ಬೆಳೆಯಿತು. ಇಲಿನಾಯ್‌ನ ಸಂಸದ ಎಲಿಹು ವಾಶ್‌ಬರ್ನ್ ಅನುದಾನವನ್ನು ಬಲವಾಗಿ ವಿರೋಧಿಸಿದ. ಗ್ಯಾಲೊಡೆಟ್‌ಗೆ ಅದು ನುಂಗಲಾಗದ ತುತ್ತಾಗಿತ್ತು. ಆದರೂ ಉತ್ತರ ಕೊಡಬೇಕಾಯಿತು, ಕೊಟ್ಟ. ವಿರೋಧಿಯ ಪ್ರಶ್ನೆಗೂ ಕಾಗದ ತೆಗೆದು ಉತ್ತರ ಹೇಳಲು ಆಗುವಂತಿದ್ದರಿಂದಲೇ ಸಂಸ್ಥೆ ಉಳಿಯಿತು ಎಂಬುದು ನನ್ನ ನಂಬಿಕೆ.

1869ರಲ್ಲಿ ಕೆಂಡಾಲ್ ತೀರಿಕೊಂಡ. ಮರುವರ್ಷ ಅವನ 81 ಎಕರೆ ಜಮೀನನ್ನು ವಾರಸುದಾರರಿಂದ ಸಂಸ್ಥೆ ಕೊಂಡಿತು. ಮುಂದೆ ಆ ಆಸ್ತಿಯನ್ನು ಸಂಸ್ಥೆಯ ಉದ್ದೇಶಕ್ಕೇ ಮೀಸಲಿಟ್ಟು ಸರ್ಕಾರವನ್ನೇ ಟ್ರಸ್ಟಿಯನ್ನಾಗಿ ಮಾಡಿದರು. ಮಂಡಳಿಗೆ ಮನಸ್ಸು ಬಂದಾಗ ಮಾರಿಕೊಳ್ಳುವಂತಿಲ್ಲ. ಕಿವುಡ ಮಕ್ಕಳ ಹೆಸರಿನಲ್ಲಿ ಕೊಟ್ಟ ಜಾಗ ಹತ್ತಿಪ್ಪತ್ತು ವರ್ಷದಲ್ಲಿ ಮದುವೆ ಮಂಟಪವಾಗುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

131 ವರ್ಷ

ಇಷ್ಟೆಲ್ಲ ಬಿಗಿಯಿದ್ದರೂ ಒಂದು ಕುರ್ಚಿ ಖಾಲಿಯಾಗೇ ಇತ್ತು. ಹಣ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವ ಮಂಡಳಿಯಲ್ಲಿ ಕಿವಿ ಕೇಳುವವರದೇ ಬಹುಮತ. ವಿಶ್ವವಿದ್ಯಾಲಯದ ಅಧ್ಯಕ್ಷ ಹುದ್ದೆಗೆ ಕಿವುಡರು ಒಬ್ಬರೂ ಬಂದಿರಲಿಲ್ಲ. 1988ರ ಮಾರ್ಚ್ 6ರಂದು ಮಂಡಳಿ ಮತ್ತೆ ಕಿವಿ ಕೇಳುವವರನ್ನೇ ಅಧ್ಯಕ್ಷರನ್ನಾಗಿ ಆರಿಸಿದಾಗ ವಿದ್ಯಾರ್ಥಿಗಳು ಗೇಟು ಮುಚ್ಚಿದರು. ಅವರ ಬೇಡಿಕೆಗಳಲ್ಲಿ ಒಂದು, ಮಂಡಳಿಯಲ್ಲಿ ಶೇ. 51ರಷ್ಟು ಕಿವುಡರಿರಬೇಕು ಎಂಬುದು. ಒಂದೇ ವಾರದಲ್ಲಿ, ಮಾರ್ಚ್ 13ರಂದು, ಐ. ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು. ಮಂಡಳಿಯ ಮುಖ್ಯಸ್ಥೆ ಕೆಳಗಿಳಿದರು. ಆ ಜಾಗಕ್ಕೆ ಕಿವುಡರಾದ ಫಿಲಿಪ್ ಬ್ರಾವಿನ್ ಬಂದರು. ಬಹುಮತದ ಬೇಡಿಕೆಗೂ ಒಪ್ಪಿಗೆ ಸಿಕ್ಕಿತು.

ಚಂದಾ ಕೇಳಲು ಸಾಲಾಗಿ ನಿಲ್ಲಿಸಿದ್ದ ಐದು ಮಕ್ಕಳಿಂದ ಇಲ್ಲಿಗೆ ಬರಲು 131 ವರ್ಷಕ್ಕೂ ಜಾಸ್ತಿ ಹಿಡಿಯಿತು.

ನಾನು ಈಗ ಲೆಕ್ಕ ನೋಡಿಕೊಡುವ ಒಂದು ಸಣ್ಣ ಶಾಲೆಯ ಆಡಳಿತ ಮಂಡಳಿಯಲ್ಲಿ ಒಂಬತ್ತು ಜನರಿದ್ದಾರೆ. ಒಳ್ಳೆಯವರು. ಒಬ್ಬರಿಗೂ ಸನ್ನೆ ಭಾಷೆ ಬರುವುದಿಲ್ಲ. ಕಳೆದ ವಾರ್ಷಿಕ ಸಭೆಯಲ್ಲಿ ಆ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಮಂಡಳಿಗೆ ತೆಗೆದುಕೊಳ್ಳಿ ಎಂದು ಕೇಳಿದೆ. ಅವಳು ಈಗ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. "ಸಭೆಯಲ್ಲಿ ನಾವು ಮಾತಾಡೋದು ಅವರಿಗೆ ಹೇಗಮ್ಮ ಗೊತ್ತಾಗತ್ತೆ?" ಎಂದು ಹಿರಿಯರೊಬ್ಬರು ಕೇಳಿದರು. ನಿಜವಾದ ಕಾಳಜಿಯಿಂದಲೇ ಕೇಳಿದರು. ಸನ್ನೆ ಭಾಷೆಯ ದುಭಾಷಿಯನ್ನು ಕರೆಸೋಣ, ಸಭೆಗೆ ಇಷ್ಟು ಎಂದು ಬಜೆಟ್ಟಿನಲ್ಲಿ ಒಂದು ಸಾಲು ಸೇರಿಸೋಣ ಎಂದೆ. ಆ ಸಾಲು ಸೇರಿದೆ. ಜೂನ್ ಸಭೆಗೆ ಅವಳು ಬರುತ್ತಿದ್ದಾಳೆ. ಹಾಸ್ಟೆಲಿನ ದಿನಸಿ ಲೆಕ್ಕವನ್ನು ಮೊದಲು ಅವಳ ಮುಂದೆ ಇಡಬೇಕೆಂದು ತೆಗೆದಿಟ್ಟಿದ್ದೇನೆ.